ನಡುವಿನ ಸೀಟು

ತಮ್ಮ ಮೂರು ಸೀಟುಗಳು ಕಣ್ಣಿಗೆ ಬಿದ್ದ ಕೂಡಲೇ ಅತ್ತಿಗೆಗೆ ತಾನು ಮೋಸಹೋದದ್ದು ಗೊತ್ತಾಯಿತು. ಟಿಕೆಟ್ ಮಾರಿದ ಹುಡುಗಿ ಫೋನಿನಲ್ಲಿ ಬೆಣ್ಣೆಯಂಥ ದನಿಯಲ್ಲಿ "ಸ್ಟೇಜಿಗೆ ತುಂಬ ಹತ್ತಿರ ಮೇಡಂ" ಎಂದಿದ್ದಳು. ಹತ್ತಿರವೇನೋ ನಿಜ, ಪಾಪ ಅವಳು ಸುಳ್ಳು ಹೇಳಿರಲಿಲ್ಲ. ಆದರೆ ಹತ್ತಿರವಿದ್ದದ್ದು ಸ್ಟೇಜಿನ ಬೆನ್ನು. ಊರಿಗೆ ಊರೇ ಎದುರಿನ ಮೈದಾನದಲ್ಲಿ ನೆರೆದಿದ್ದರೆ ಇವರು ಮೂವರು ಹಿಂಬದಿಯ ಗ್ಯಾಲರಿಯ ಮೊದಲ ಸಾಲಿನಲ್ಲಿ, ಕಬ್ಬಿಣದ ಕಂಬಿಗೆ ಮೊಣಕಾಲು ಒತ್ತಿಕೊಂಡು, ಕೆಳಗಿದ್ದ ಪ್ಲಾಸ್ಟಿಕ್ ಕುರ್ಚಿ, ಟೇಬಲ್ ಫ್ಯಾನು, ಹಗ್ಗದ ಮೇಲೆ ಹರವಿದ ಟವೆಲ್ಲುಗಳನ್ನು ನೋಡುತ್ತ ಕೂರಬೇಕಾಗಿತ್ತು. ಮೋಟು ಕಪ್ಪು ಪರದೆಯ ಆಚೆ ಸಂಗೀತ ಕಚೇರಿ, ಈಚೆ ಇವರು, ಪರದೆಯ ಮೇಲಿನಿಂದ ಬೆನ್ನುಗಳಷ್ಟೇ ಕಾಣುತ್ತಿದ್ದವು. ಹಾಡುವವರ ಮುಖ ನೋಡಬೇಕೆಂದರೆ ದೂರದ ದೊಡ್ಡ ಪರದೆಯೊಂದೇ ಗತಿ, ಅದೂ ಇವರಿಗೆ ಓರೆಯಾಗಿ ಕಾಣುತ್ತಿತ್ತು.

"ಮುಖ ಕಾಣಿಸದ ಜಾಗಕ್ಕೆ ಕರ್ಕೊಂಡು ಬಂದಿದೀಯಲ್ಲೇ," ಎಂದು ಬಲಗಡೆ ಕುಳಿತ ಗಂಡ ಗೊಣಗಿದ. ಎಡಗಡೆ ಕುಳಿತ ಮೈದುನನೂ ಅದನ್ನೇ ಗೊಣಗಿದ, ಆದರೆ ಅಣ್ಣ ಹೇಳಿದ್ದು ತನ್ನ ಕಿವಿಗೆ ಬಿದ್ದೇ ಇಲ್ಲವೆಂಬಂತೆ, ಹೊಸದಾಗಿ ತನಗೇ ಹೊಳೆದಂತೆ. ಬಂದು ಕುಳಿತು ಉಸಿರು ಬಿಡುವುದರೊಳಗೆ ಗಂಡ ಅವಳ ತೋಳು ತಟ್ಟಿ, ತಮ್ಮನ ಕಡೆ ಹೆಬ್ಬೆರಳು ತೋರಿಸಿ, ಒಳಗಿನವನು ನೀರಿನ ಬಾಟಲಿ ತಂದಿದ್ದಾನಾ ಕೇಳು ಎಂದ. ಮೈದುನನ ಕಾಲ ಬುಡದಲ್ಲಿ ಬಾಟಲಿ ಇತ್ತು, ಗಂಡನ ಕಣ್ಣಿಗೂ ಅದು ಕಾಣುತ್ತಿತ್ತು. ಆದರೂ ಅವಳು ಕೇಳಬೇಕು, ಅವನು ಅವಳಿಗೆ ಕೊಡಬೇಕು, ಅವಳು ಇವನಿಗೆ ದಾಟಿಸಬೇಕು. ಇವರಿಬ್ಬರೂ ಅಕ್ಕಪಕ್ಕ ಕೂರುವುದಾದರೆ ನಡುವಿನ ಸೀಟು ಅವಳದೇ ಎಂದು ಏಳು ವರ್ಷದ ಹಿಂದೆಯೇ ನಿಕ್ಕಿಯಾಗಿತ್ತು.

ಅವಳನ್ನು ಅತ್ತಿಗೆ ಎಂದು ಮೊದಲು ಕರೆದವನು ಮೈದುನ. ಅವನು ದಿನಕ್ಕೆ ನೂರು ಸಲ ಕೂಗುವುದನ್ನು ಕೇಳಿ ಕೇಳಿ ಗಿರಾಕಿಗಳೂ, ಅಕ್ಕಪಕ್ಕದ ಅಂಗಡಿಯವರೂ, ಕೊನೆಗೆ ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಅಂಚೆಯವನೂ ಅತ್ತಿಗೆ ಎಂದೇ ಕರೆಯತೊಡಗಿದ್ದರು. ಅವರದು ಕನ್ನಡಕದ ಅಂಗಡಿ. ಮುಂದಿನ ಕೋಣೆಯಲ್ಲಿ ಗಂಡ ಗಿರಾಕಿಗಳನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಅಕ್ಷರದ ಬೋರ್ಡು ಓದಿಸಿ, ಕಣ್ಣಿನ ನಂಬರು ಕಂಡುಹಿಡಿಯುತ್ತಿದ್ದ. ಹಿಂದಿನ ಕೋಣೆಯಲ್ಲಿ ಮೈದುನ ಆ ನಂಬರಿಗೆ ತಕ್ಕ ಗಾಜನ್ನು ಮೆಷಿನ್ನಿಗೆ ಹಿಡಿದು, ಅಂಚು ಉಜ್ಜಿ, ಫ್ರೇಮಿಗೆ ಕೂರಿಸುತ್ತಿದ್ದ. ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ಅತ್ತಿಗೆಯ ಕೌಂಟರು ಆ ಕಿಂಡಿಯ ಪಕ್ಕದಲ್ಲೇ ಇತ್ತು, ಅದೇ ಅವಳ ದುರದೃಷ್ಟ.

ಅಣ್ಣತಮ್ಮಂದಿರ ಜಗಳ ಹುಟ್ಟಿದ್ದು ಏಳು ವರ್ಷದ ಹಿಂದೆ, ಬ್ಯಾಂಕಿನಿಂದ ನಿವೃತ್ತನಾದ ಒಬ್ಬ ಗಿರಾಕಿಯಿಂದ. ಹೊಸ ಕನ್ನಡಕ ಹಾಕಿಕೊಂಡರೆ ನೆಲ ಮೇಲೆದ್ದು ಬರುತ್ತದೆ, ಮೆಟ್ಟಿಲು ಎಲ್ಲಿದೆಯೋ ಗೊತ್ತಾಗುವುದಿಲ್ಲ ಎಂದು ಆತ ಕನ್ನಡಕ ತಂದು ಕೌಂಟರಿನ ಮೇಲೆ ಕುಕ್ಕಿದ. ಗಂಡ ಗಾಜನ್ನು ಅಳೆದು ನೋಡಿದ, ತಾನು ಬರೆದುಕೊಟ್ಟ ನಂಬರು ಅಲ್ಲವೇ ಅಲ್ಲ. ನೀನು ತಪ್ಪು ಗಾಜು ಹಾಕಿದ್ದೀಯ ಎಂದ. ಮೈದುನ, ನೀನು ಬರೆದದ್ದನ್ನೇ ಹಾಕಿದ್ದೇನೆ, ನಿನ್ನ ಮೂರು ಎಂಟಿನ ಹಾಗಿರುತ್ತದೆ, ಏಳು ಒಂದರ ಹಾಗಿರುತ್ತದೆ ಎಂದ. ಮಾತಿಗೆ ಮಾತು ಬೆಳೆಯಿತು. ಅಪ್ಪನ ಕೈಯ ಹದ ನಿನಗೆ ಬರಲೇ ಇಲ್ಲ ಎಂದು ಅಣ್ಣ ಅಂದ. ಕಣ್ಣು ಪರೀಕ್ಷೆ ಮಾಡುವವನಿಗೇ ಕಣ್ಣು ಕಾಣದಿದ್ದರೆ ಯಾರೇನು ಮಾಡುವುದು ಎಂದು ತಮ್ಮ ಅಂದ. ಗಿರಾಕಿಯ ಎದುರಿಗೇ, ಬಾಯಿಗೆ ಬಂದಂತೆ.

ಮರುದಿನ ಆ ಗಿರಾಕಿಯ ಹೆಂಡತಿ ಬಂದಳು. ತನಗೂ ಹೊಸ ಕನ್ನಡಕದಲ್ಲಿ ಏನೂ ಕಾಣಿಸುತ್ತಿಲ್ಲ ಎಂದಳು. ಗಂಡಹೆಂಡತಿ ಒಂದೇ ಥರದ ಫ್ರೇಮು ಕೊಂಡು ಮನೆಯಲ್ಲಿ ಅದಲುಬದಲು ಮಾಡಿಕೊಂಡಿದ್ದರು, ಅಷ್ಟೇ. ಕಣ್ಣಿನ ವ್ಯಾಪಾರದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ಅಣ್ಣತಮ್ಮಂದಿರಿಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಆ ದಂಪತಿ ಕನ್ನಡಕ ಬದಲಾಯಿಸಿಕೊಂಡು ನಗುನಗುತ್ತ ಹೋದರು. ಇವರಿಬ್ಬರಿಗೆ ಮಾತ್ರ ನಗು ಬರಲಿಲ್ಲ. ತಪ್ಪು ಯಾರದೂ ಅಲ್ಲವೆಂದು ಗೊತ್ತಾದ ಮೇಲೆ ಕ್ಷಮೆ ಯಾರು ಕೇಳಬೇಕು ಎಂಬುದೇ ಬಗೆಹರಿಯದೆ ಇಬ್ಬರೂ ಬಿಮ್ಮನೆ ಉಳಿದುಬಿಟ್ಟರು.

ಅವತ್ತಿನಿಂದ ಅಣ್ಣ ಬರೆದುಕೊಡುವುದಿಲ್ಲ, ತಮ್ಮ ಓದುವುದಿಲ್ಲ. ಅಣ್ಣ ಬಾಯಲ್ಲಿ ಹೇಳಿದ್ದನ್ನು ಅತ್ತಿಗೆ ಕಿಂಡಿಗೆ ಮುಖವಿಟ್ಟು, ಮೆಷಿನ್ನಿನ ಕಿರ್ರೆನ್ನುವ ಸದ್ದಿನ ಮೇಲೆ ಕೂಗಬೇಕು: ಬಲಗಣ್ಣು ಮೈನಸ್ ಎರಡೂವರೆ, ಎಡಗಣ್ಣು ಮೈನಸ್ ಮೂರು. ಒಳಗಿನಿಂದ ಅವನು ಅದನ್ನೇ ತಿರುಗಿ ಕೂಗಬೇಕು, ಅವಳು ಹೌದು ಎಂದು ಕೂಗಬೇಕು. ನಂಬರಿನ ಜೊತೆಗೆ ಉಳಿದದ್ದೂ ಕಿಂಡಿ ದಾಟುತ್ತಿತ್ತು. ಗಂಡನಿಗೆ ತಮ್ಮ "ಒಳಗಿನವನು" ಆದ, ಮೈದುನನಿಗೆ ಅಣ್ಣ "ನಿಮ್ಮ ಯಜಮಾನರು" ಆದ. ನಿಮ್ಮ ಯಜಮಾನರಿಗೆ ತಲೆ ನೆಟ್ಟಗಿದೆಯಾ ಕೇಳಿ ಎಂದು ಒಳಗಿನಿಂದ ಬಂದರೆ, ಅವನಿಗೆ ಸ್ವಲ್ಪ ಅನುಮಾನ ಇದೆಯಂತೆ ಎಂದು ಅವಳು ಹೊರಗೆ ದಾಟಿಸುತ್ತಿದ್ದಳು. ಆ ಗೂಬೆಗೆ ಇವತ್ತಾದರೂ ಬೇಗ ಮುಗಿಸೋಕೆ ಹೇಳು ಎಂದು ಗಂಡ ಅಂದರೆ, ಗಿರಾಕಿ ಸಂಜೆಗೆ ಬರ್ತಾರಂತೆ ಎನ್ನುತ್ತಿದ್ದಳು. ಮದುವೆಯಾಗದ ಮೈದುನ ಅದೇ ಮನೆಯ ಮಹಡಿಯಲ್ಲಿದ್ದು ಅದೇ ಮೇಜಿಗೆ ಊಟಕ್ಕೆ ಬರುತ್ತಿದ್ದುದರಿಂದ ಉಪ್ಪಿನ ಡಬ್ಬಿ ಕೂಡ ಅವಳ ಬಾಯಿಯ ಮೂಲಕವೇ ಆ ಕಡೆ ಈ ಕಡೆ ಓಡಾಡುತ್ತಿತ್ತು. ತಲೆ ಚಿಟ್ಟು ಹಿಡಿದು ಎಷ್ಟೋ ಸಲ ಅತ್ತದ್ದುಂಟು, ರೇಗಿದ್ದುಂಟು. ಅವಳು ರೇಗಿದರೆ ಇಬ್ಬರೂ ತೆಪ್ಪಗಾಗುತ್ತಿದ್ದರು, ಒಂದು ಗಂಟೆ ಕಳೆದ ಮೇಲೆ ಮತ್ತೆ ಅದೇ ರಾಗ.

ಈಗ ಅವಳ ಗಂಟಲಲ್ಲಿ ಗಂಟು. ಮೂಗಿನಿಂದ ಸಣ್ಣ ದೀಪದ ಕೊಳವೆ ಇಳಿಸಿ ನೋಡಿದ ಗಂಟಲಿನ ಡಾಕ್ಟರು, ನೀವು ಟೀಚರಾ ಎಂದು ಕೇಳಿದ್ದರು. ಅಲ್ಲ ಎಂದಳು. ಹರಾಜು ಗಿರಾಜು ಕೂಗುತ್ತೀರಾ ಎಂದರು. ಇಲ್ಲ, ಕನ್ನಡಕದ ಅಂಗಡಿ ಎಂದಾಗ ಅವರು ಕೊಳವೆ ಹಿಡಿದುಕೊಂಡೇ ಅವಳ ಮುಖ ನೋಡಿದ್ದರು. ಸೋಮವಾರ ಆಪರೇಷನ್. ಆಮೇಲೆ ವಾರಗಟ್ಟಲೆ ಪಿಟ್ಟೆನ್ನುವಂತಿಲ್ಲ. ಗಂಟು ಎಂಥದ್ದೆಂದು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆಯೇ ಗೊತ್ತಾಗುವುದು, ದನಿ ಮೊದಲಿನ ಹಾಗೆ ವಾಪಸು ಬರುತ್ತದೆ ಎಂದು ಮಾತು ಕೊಡಲಾರೆ ಎಂದೂ ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ಗಟ್ಟಿಯಾಗಿ ಒಂದು ಮಾತೂ ಆಡಕೂಡದು.

ಅದನ್ನು ಅಂಗಡಿಗೆ ಬಂದು ಗಂಡನಿಗೆ ಹೇಳಿದಳು. ಅವನು ಕೈಯಲ್ಲಿದ್ದ ಕನ್ನಡಕ ಒರೆಸುವ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಕೊನೆಗೆ, "ಒಳಗಿನವನಿಗೂ ಹೇಳ್ಬಿಡು," ಎಂದ. ಅವಳು ಹೋಗಿ ಹೇಳಿದಳು. ಮೈದುನ ಮೆಷಿನ್ ನಿಲ್ಲಿಸಿದ. ಗಾಜಿನ ಪುಡಿ ಅಂಟಿದ ಬೆರಳುಗಳನ್ನೇ ನೋಡಿಕೊಳ್ಳುತ್ತ, ಸೋಮವಾರ ಅಂಗಡಿ ನಾನೊಬ್ಬನೇ ನೋಡಿಕೊಳ್ಳುತ್ತೇನೆಂದು ನಿಮ್ಮ ಯಜಮಾನರಿಗೆ ಹೇಳಿ ಎಂದ. ಅದನ್ನೂ ಹೋಗಿ ಹೇಳಿದಳು. ತನ್ನ ಕಾಯಿಲೆಯ ಸುದ್ದಿಯನ್ನು ತಾನೇ ಕಿಂಡಿಯ ಆಚೆಗೂ ಈಚೆಗೂ ಹೊತ್ತು ಮುಗಿಸಿ ಕೌಂಟರಿಗೆ ಬಂದು ಕುಳಿತಾಗ ಅವಳಿಗೆ ರೇಗಿಹೋಯಿತು. ನಿನಗೆ ಹೆದರಿಕೆಯಾಗುತ್ತಿದೆಯಾ ಎಂದು ಒಬ್ಬನಾದರೂ ಕೇಳಿದನೇ? ಸೋಮವಾರ ತನ್ನ ಬಾಯಿ ಮುಚ್ಚುವ ಮೊದಲು ಇವರಿಬ್ಬರ ನಡುವೆ ಒಂದಾದರೂ ನೇರವಾದ ಮಾತು ಹುಟ್ಟಲೇಬೇಕು, ಇಲ್ಲದಿದ್ದರೆ ಇವರು ತನ್ನನ್ನು ಹಸಿ ಗಾಯದ ಗಂಟಲಿನಿಂದಲೇ ಕೂಗಿಸುತ್ತಾರೆ ಎಂದು ಅವತ್ತೇ ನಿಶ್ಚಯಿಸಿದಳು.

ಆ ಹೊತ್ತಿಗೆ ಸರಿಯಾಗಿ ಈ ರಾಕ್ ಬ್ಯಾಂಡಿನ ಸುದ್ದಿ ಬಂತು. ಅಣ್ಣತಮ್ಮಂದಿರು ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಕಾಲದಲ್ಲಿ ಇದೇ ಬ್ಯಾಂಡಿನ ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ಸವೆಸಿದ್ದರಂತೆ. ಅಣ್ಣ ಡೆಸ್ಕು ಬಡಿದರೆ ತಮ್ಮ ಪೊರಕೆ ಹಿಡಿದು ಗಿಟಾರು ನುಡಿಸುತ್ತಿದ್ದನಂತೆ. ಬ್ಯಾಂಡಿನ ಗಾಯಕನೂ ಗಿಟಾರಿನವನೂ ನಡುವೆ ಹಾವು ಮುಂಗುಸಿಯಾಗಿ ಹದಿನೈದು ವರ್ಷ ಬೇರೆಯಾಗಿದ್ದು, ಈಗ ಮುದಿವಯಸ್ಸಿನಲ್ಲಿ ರಾಜಿಯಾಗಿ ಊರೂರು ಸುತ್ತುತ್ತಿದ್ದರು. ಪ್ರತಿ ಕಚೇರಿಯಲ್ಲೂ ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ, ಜನ ಕಣ್ಣೀರು ಹಾಕುತ್ತಾರೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಅತ್ತಿಗೆಗೆ ಇಷ್ಟು ಸಾಕಾಯಿತು. ಆ ಅಪ್ಪುಗೆಯನ್ನು ಇವರ ಕಣ್ಣೆದುರು ಹಿಡಿಯಬೇಕು. ಟಿಕೆಟ್ ದಂಡವಾಗುತ್ತದೆಂದು ಗಂಡನಿಗೂ, ಅದೇ ಮಾತನ್ನು ಮೈದುನನಿಗೂ ಹೇಳಿ, ಜಪ್ಪಯ್ಯ ಅಂದರೂ ಜಗ್ಗದ ಇಬ್ಬರನ್ನು ಹೇಗೋ ಹೊರಡಿಸಿ ತಂದಿದ್ದಳು.

ಕಚೇರಿ ಇನ್ನೂ ಬಿಸಿಲಿರುವಾಗಲೇ ಶುರುವಾಯಿತು. ಹಾಡುವವರಿಗೂ ವಯಸ್ಸಾಗಿತ್ತು, ಕೇಳುವವರಿಗೂ ವಯಸ್ಸಾಗಿತ್ತು, ಕತ್ತಲಾಗುವ ಮೊದಲು ಎಲ್ಲರೂ ಮನೆ ಸೇರಬೇಕಿತ್ತು. ಡ್ರಮ್ಮಿನವನು ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಒಬ್ಬನ ಹೆಗಲು ಹಿಡಿದು ಕಬ್ಬಿಣದ ಮೆಟ್ಟಿಲು ಹತ್ತಿದ. ಮೇಲೆ ಹೋಗಿ ಕೋಲು ಎತ್ತಿದ್ದೇ ತಡ, ಸದ್ದು ಎದೆಗೇ ಬಂದು ಗುದ್ದಿತು. ಗಂಡನ ಬೆರಳು ತನಗೆ ತಾನೇ ಕಂಬಿಯನ್ನು ಬಡಿಯಿತು. ಮೈದುನನ ಬಲಗೈ ತೊಡೆಯ ಮೇಲೆ ಗೀರತೊಡಗಿತು. ಇಬ್ಬರದೂ ಒಂದೇ ತಾಳ. ಅತ್ತಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಸೀಟಿನ ಬೇಜಾರನ್ನೂ ಮರೆತು, ಆಸೆಯಿಂದ ಕಾದಳು.

ಆದರೆ ಆ ಸೀಟಿನಿಂದ ಕಾಣುತ್ತಿದ್ದದ್ದೇ ಬೇರೆ. ಕೆಳಗೆ ಎಡಕ್ಕೊಂದು ಡೇರೆ, ಬಲಕ್ಕೊಂದು ಡೇರೆ. ಎಡಗಡೆಯದು ಗಾಯಕನದು, ಹಾಡಿನ ನಡುವೆ ಬಿಡುವಾದಾಗಲೆಲ್ಲ ಅವನು ಅಲ್ಲಿಗೆ ಬಂದು ಟವೆಲ್ ಹೊದ್ದು ಬಿಸಿನೀರಿನ ಹಬೆ ಎಳೆದುಕೊಳ್ಳುತ್ತಿದ್ದ. ಬಲಗಡೆಯದರಲ್ಲಿ ಗಿಟಾರಿನವನು ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಬೆರಳು ಅದ್ದಿಕೊಂಡು ಕೂರುತ್ತಿದ್ದ. ಅಪ್ಪಿತಪ್ಪಿಯೂ ಒಬ್ಬ ಇನ್ನೊಬ್ಬನ ಕಡೆ ನೋಡುತ್ತಿರಲಿಲ್ಲ. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡಿದ್ದ ಒಬ್ಬ ಗಟ್ಟಿಮುಟ್ಟಾದ ಹೆಂಗಸು ಆ ಡೇರೆಯಿಂದ ಈ ಡೇರೆಗೆ, ಈ ಡೇರೆಯಿಂದ ಆ ಡೇರೆಗೆ ನಡೆಯುತ್ತಿದ್ದಳು. ಅವಳು ಬಗ್ಗಿ ಏನೋ ಹೇಳುತ್ತಿದ್ದಳು, ಗಾಯಕ ತಲೆಯಾಡಿಸುತ್ತಿದ್ದ. ಅವಳು ಮತ್ತೆ ಈಚೆ ಬರುತ್ತಿದ್ದಳು, ಗಿಟಾರಿನವನು ತಲೆಯಾಡಿಸುತ್ತಿದ್ದ. ಅತ್ತಿಗೆಗೆ ತನ್ನ ಕೌಂಟರನ್ನೇ ಯಾರೋ ಇಲ್ಲಿಗೆ ಎತ್ತಿ ತಂದಿಟ್ಟ ಹಾಗಿತ್ತು.

ಆಮೇಲೆ ಆ ಅಪ್ಪುಗೆಯೂ ಬಂತು. ಹಾಡೊಂದು ಮುಗಿದು, ಗಾಯಕ ಕೈ ಚಾಚಿ ಗಿಟಾರಿನವನ ಕಡೆ ನಡೆದ. ಎದುರಿನ ಮೈದಾನ ಹೋ ಎಂದಿತು. ದೊಡ್ಡ ಪರದೆಯ ಮೇಲೆ ಎರಡು ನರೆತ ತಲೆಗಳು ಒಂದಾದವು. ಈ ಸೀಟಿನಿಂದ ಮಾತ್ರ ಗಾಯಕನ ಕೈ ಗಿಟಾರಿನವನ ಬೆನ್ನಿನ ಹಿಂದೆ ಗಾಳಿಯಲ್ಲಿ ನಿಂತದ್ದು ಕಂಡಿತು. ಅಂಗೈ ಅಂಗಿಗೆ ತಾಗಲಿಲ್ಲ. ಕಣ್ಣಿನ ಕೆಲಸದವರಿಗೆ ಇಂಥದ್ದು ತಪ್ಪುತ್ತದೆಯೇ? "ಎರಡು ಬೆರಳು ಗ್ಯಾಪ್ ಇದೆ," ಎಂದ ಗಂಡ. ಇಷ್ಟು ಅಗಲ ಎಂದು ಎಡಗಡೆಯಿಂದ ಮೈದುನ ಎರಡು ಬೆರಳು ಎತ್ತಿ ತೋರಿಸಿದ.

ಅವಳಿಗೆ ಅಳು ಬರುವಂತಾಯಿತು. ಗಂಟಲು ಹಾಳುಮಾಡಿಕೊಂಡು ಇವರನ್ನು ಹೊರಡಿಸಿದ್ದು ಇದನ್ನು ತೋರಿಸುವುದಕ್ಕೇ? ಮುಂದೆ ಎಲ್ಲಾದರೂ ಕೂತಿದ್ದರೆ ಸುಳ್ಳಾದರೂ ಸರಿ, ನೆಟ್ಟಗೆ ಕಾಣುತ್ತಿತ್ತು. ತನ್ನ ಹಣೆಬರಹಕ್ಕೆ ಹಿಂಬದಿಯ ಸೀಟೇ ಸಿಗಬೇಕಾಗಿತ್ತು. ಆ ಟಿಕೆಟ್ ಹುಡುಗಿಯನ್ನು ಮನಸ್ಸಿನಲ್ಲೇ ಮತ್ತೊಮ್ಮೆ ತರಾಟೆಗೆ ತೆಗೆದುಕೊಂಡಳು.

ಗಾಯಕ ಮೈಕು ಹಿಡಿದು ಜನರೆದುರು ಹಳೆಯ ಕತೆ ಬಿಚ್ಚಿದ. ನಾವಿಬ್ಬರೂ ಹೇಗೆ ಜಗಳವಾಡಿದೆವು, ಸ್ನೇಹ ಹೇಗೆ ನಮ್ಮನ್ನು ಮತ್ತೆ ಕೂಡಿಸಿತು ಎಂದೆಲ್ಲ ಅವನು ಹೇಳುತ್ತಿದ್ದಾಗ ಸಂಗೀತ ನಿಂತಿತ್ತು. ಹೆಡ್‌ಸೆಟ್ಟಿನವಳು ನೀರು ಕುಡಿಯಲು ಕಂಬಿಯ ಕೆಳಗಿನ ಪೆಟ್ಟಿಗೆಯ ಮೇಲೆ ಬಂದು ಕುಳಿತಳು. ಅತ್ತಿಗೆಗೆ ತಡೆಯಲಾಗಲಿಲ್ಲ. ಕಂಬಿಯ ಮೇಲೆ ಬಗ್ಗಿ, ಅವರಿಬ್ಬರೂ ಮಾತಾಡುವುದೇ ಇಲ್ಲವೇ ಎಂದು ಕೇಳಿದಳು. ಆ ಹೆಂಗಸು ತಲೆಯೆತ್ತಿ ನೋಡಿ, ನಕ್ಕು, ನಾನಿರುವಾಗ ಅವರೇಕೆ ಮಾತಾಡಬೇಕು ಎಂದಳು. ನಿಮಗೆ ಸಾಕಾಗುವುದಿಲ್ಲವೇ ಎಂದು ಅತ್ತಿಗೆ ಕೇಳಿದಳು.

"ಇದಕ್ಕೆ ಸಂಬಳ ಕೊಡ್ತಾರೆ ನಂಗೆ," ಎಂದಳು ಅವಳು. "ಯಾವ ಹಾಡು, ಯಾವಾಗ ಮೇಲೆ ಹೋಗ್ಬೇಕು, ಅಷ್ಟು ಹೇಳ್ತೀನಿ. ಅವರ ಜಗಳ ಮಾತ್ರ ನಾನು ಹೊರಲ್ಲ. ಮೊದಲನೇ ದಿನವೇ ಹೇಳ್ಬಿಟ್ಟೆ." ಬಾಟಲಿಯ ಮುಚ್ಚಳ ತಿರುಗಿಸುತ್ತ ಅವಳು ಮತ್ತೆ ತಲೆಯೆತ್ತಿ ನೋಡಿದಳು. "ನಿಮ್ಮ ಗಂಟಲಿಗೆ ಏನಾಗಿದೆ? ತುಂಬ ನೋವಿದ್ಯಾ?"

ಯಾರೋ ಏನೋ, ಹೆಸರೂ ಗೊತ್ತಿಲ್ಲದವಳು. ಎರಡೇ ಮಾತು ಕೇಳಿಸಿಕೊಂಡು ಇಷ್ಟು ಕೇಳಿದ್ದಳು. ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಸೆಟ್ಟಿನಲ್ಲಿ ಯಾರೋ ಕರೆದರು, ಆ ಹೆಂಗಸು ಬೆಚ್ಚಗೇನಾದರೂ ಕುಡಿಯಿರಿ ಎಂದು ಕೈಸನ್ನೆ ಮಾಡಿ ಎದ್ದು ಹೋದಳು. ಮುಂದಿನ ಹಾಡು ಶುರುವಾಯಿತು. ಅತ್ತಿಗೆ ಸೀಟಿಗೆ ಒರಗಿ ಕಣ್ಣು ಒರೆಸಿಕೊಂಡಳು.

ಆಗ ಗಂಡ ಅವಳ ಕಿವಿಗೆ ಬಾಯಿಟ್ಟು, ಹಾಡಿನ ಸದ್ದಿಗಿಂತ ಜೋರಾಗಿ ಕೂಗಿದ. ಅವನ ದನಿಯಲ್ಲಿ ಎಷ್ಟೋ ದಿನದಿಂದ ಇಲ್ಲದ ಖುಷಿ. "ಒಳಗಿನವನಿಗೆ ಹೇಳು, ನೋಡಿದ್ನಾ ಅಂತ. ಇವರೂ ನಮ್ಮ ಹಾಗೇ. ಮಾತಿಲ್ದೇನೂ ಎಷ್ಟು ಚೆನ್ನಾಗಿ ನಡೀತಿದೆ ನೋಡು." ಅವಳು ಇನ್ನೂ ಈ ಮಾತನ್ನು ನುಂಗಿಕೊಂಡಿರಲಿಲ್ಲ, ಎಡಗಿವಿಗೆ ಮೈದುನ ಬಾಯಿಟ್ಟ. ಅವನೂ ಅದನ್ನೇ ಕಂಡುಹಿಡಿದಿದ್ದ. ನಡುವೆ ಒಬ್ಬರು ಸರಿಯಾಗಿದ್ದರೆ ಮಾತಿನ ಅಗತ್ಯವೇ ಇಲ್ಲವೆಂದು ಇವರನ್ನು ನೋಡಿದರೆ ಗೊತ್ತಾಗುತ್ತದೆ, ನಿಮ್ಮ ಯಜಮಾನರಿಗೆ ಹೇಳಿ ಎಂದ.

ಏಳು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಇದು. ಇದನ್ನು ದಾಟಿಸಬೇಕಾದವಳು ಅವಳು, ಅದೂ ಡ್ರಮ್ಮಿನ ಸದ್ದಿನ ಮೇಲೆ ಕೂಗಿ, ಡಾಕ್ಟರು ಗಟ್ಟಿಮಾತು ಬೇಡವೆಂದ ಗಂಟಲಿನಿಂದ. ಅತ್ತಿಗೆಗೆ ನಖಶಿಖಾಂತ ಉರಿದುಹೋಯಿತು. ಹಣ್ಣು ಹಣ್ಣು ಮುದುಕರಾಗುತ್ತ ಬಂದಿದ್ದಾರೆ, ಬುದ್ಧಿ ಮಾತ್ರ ಬೆಳೆಯಲಿಲ್ಲ. ಇಬ್ಬರ ಕೆನ್ನೆಗೂ ಒಂದೊಂದು ಬಾರಿಸಿದರೆ ತಪ್ಪೇನು ಎಂದುಕೊಂಡಳು. ಬಾರಿಸಲಿಲ್ಲ.

"ನಾನು ಹೇಳಲ್ಲ," ಎಂದಳು. ಯಾರಿಗೂ ಕೇಳಿಸಲಿಲ್ಲ. ಕೇಳಿಸುವಂತೆ ಹೇಳುವ ಗೋಜಿಗೂ ಹೋಗಲಿಲ್ಲ. ಎದ್ದು, ಕೈಚೀಲವನ್ನೂ ಸೀಟಿನ ಮೇಲೆಯೇ ಬಿಟ್ಟು, ಗಂಡನ ಮೊಣಕಾಲು ದಾಟಿ, ಗ್ಯಾಲರಿಯ ಮೆಟ್ಟಿಲು ಹತ್ತಿದಳು. ಹಿಂಬದಿಯ ಗ್ಯಾಲರಿ ಅರ್ಧಕ್ಕರ್ಧ ಖಾಲಿ. ತೀರಾ ಮೇಲಿನ ಸಾಲಿನ ತುದಿಯಲ್ಲಿ ಒಬ್ಬಳೇ ಕುಳಿತು, ಕಾಲು ಚಾಚಿ, ಸಾಕಪ್ಪಾ ಸಾಕು ಎಂದು ಉಸಿರು ಬಿಟ್ಟಳು.

ಅಲ್ಲಿಂದ ಬ್ಯಾಂಡು ಇರುವೆಗಳಷ್ಟು ಕಾಣುತ್ತಿತ್ತು. ಹಾಡು ಮಾತ್ರ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಒಬ್ಬರ ಮುಖ ಒಬ್ಬರು ನೋಡದ ಆ ಎರಡು ಮುದಿಜೀವಗಳು ಅದು ಹೇಗೆ ಹಾಗೆ ಹಾಡುತ್ತಿದ್ದರೋ, ಅದನ್ನು ಕೇಳಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಆದರೆ ಅವಳ ಕಣ್ಣಿದ್ದದ್ದು ಮೊದಲ ಸಾಲಿನ ಎರಡು ತಲೆಗಳ ಮೇಲೆ, ನಡುವಿನ ಖಾಲಿ ಸೀಟಿನ ಮೇಲೆ. ಒಂದು ಹಾಡು ಮುಗಿಯುವವರೆಗೆ ಎರಡೂ ತಲೆ ಅಲುಗಲಿಲ್ಲ. ಬಾತ್‌ರೂಮಿಗೆ ಹೋಗಿದ್ದಾಳೆಂದು ಭಾವಿಸಿರಬೇಕು. ಎರಡನೆಯ ಹಾಡಿನಲ್ಲಿ ಗಂಡ ತಿರುಗಿ ಮೆಟ್ಟಿಲ ಕಡೆ ನೋಡಿದ. ಸ್ವಲ್ಪ ಹೊತ್ತಿಗೆ ಮೈದುನನೂ ತಿರುಗಿದ. ಮೇಲಿನ ಸಾಲಿನವರೆಗೆ ಇಬ್ಬರ ಕಣ್ಣೂ ಬರಲಿಲ್ಲ, ಕನ್ನಡಕದ ಅಂಗಡಿ ಇಟ್ಟವರ ಯೋಗ್ಯತೆ ಅಷ್ಟು. ಗಂಡ ಅರ್ಧ ಎದ್ದ, ಕುಳಿತ. ಮೈದುನ ಅವಳ ಕೈಚೀಲವನ್ನು ಮುಟ್ಟಿ ನೋಡಿದ, ಅದು ಅಲ್ಲೇ ಇದೆಯೆಂದರೆ ಅವಳೂ ಇಲ್ಲೇ ಎಲ್ಲೋ ಇದ್ದಾಳೆಂದು ಲೆಕ್ಕ ಹಾಕುವವನಂತೆ. ಆಮೇಲೆ ಇಬ್ಬರೂ ಒಂದೇ ಸಲ ತಿರುಗಿದಾಗ ಮುಖಕ್ಕೆ ಮುಖ ಎದುರಾಯಿತು.

ಮೈದುನನ ಬಾಯಿ ಅಲುಗಿತು. ಗಂಡ ಕೇಳಿಸಲಿಲ್ಲವೆಂದು ಕಿವಿಗೆ ಕೈ ಹಿಡಿದ. ಮೈದುನ ಮತ್ತೆ ಏನೋ ಕೂಗಿದ. ಗಂಡ ತಲೆ ಅಲ್ಲಾಡಿಸಿದ. ಕೆಳಗೆ ಡ್ರಮ್ಮಿನವನು ಕಿವಿ ಕಿತ್ತುಹೋಗುವಂತೆ ಬಡಿಯುತ್ತಿದ್ದ. ಆಗ ಮೈದುನ ಕೈಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಒಂದು ಸೀಟು ಈಚೆ ಸರಿದು, ಅವಳ ಜಾಗದಲ್ಲಿ ಕುಳಿತು, ಅಣ್ಣನ ಕಿವಿಗೆ ಬಾಯಿಟ್ಟ.

ಅತ್ತಿಗೆ ಕುಳಿತಲ್ಲೇ ಬಾಯಿಗೆ ಕೈ ಅಡ್ಡ ಹಿಡಿದಳು. ಸಂತೋಷವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಷ್ಟೇನಾ? ಅವಳು ಎದ್ದು ಹೋದರೆ ಸಾಕಾಗಿತ್ತೇ? ಅಂಗಡಿಯ ಆ ಕಿಂಡಿಯಲ್ಲಿ ತನ್ನ ಮುಖ ಇಲ್ಲದಿದ್ದರೆ ಎಂದೋ ಮುಗಿದುಹೋಗುತ್ತಿದ್ದ ಕತೆಯನ್ನು ತಾನೇ ಗಂಟಲು ಹರಿದುಕೊಂಡು ಎಳೆದೆನೇ? ಗಂಡ ಏನೋ ಹೇಳುತ್ತಿದ್ದ, ತಮ್ಮ ತಲೆ ತಗ್ಗಿಸಿ ಕೇಳುತ್ತಿದ್ದ. ಗಂಡ ಕನ್ನಡಕ ತೆಗೆದು ಒರೆಸಿಕೊಂಡ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿಕೊಂಡ. ತಮ್ಮ ಅವನ ಬೆನ್ನ ಮೇಲೆ ಕೈಯಿಟ್ಟ. ಆ ಕೈ ಅಂಗಿಗೆ ತಾಗಿತೋ ಇಲ್ಲವೋ ಅಷ್ಟು ಮೇಲಿನಿಂದ ಅವಳಿಗೆ ಕಾಣಲಿಲ್ಲ, ಆದರೆ ಬಹಳ ಹೊತ್ತು ಅಲ್ಲೇ ಇತ್ತು.

ಕೊನೆಯ ಹಾಡು ಮುಗಿದು ಮೈದಾನದ ಜನ ಎದ್ದು ಚಪ್ಪಾಳೆ ತಟ್ಟುವಾಗ ಅವಳು ಇಳಿದು ಬಂದಳು. ಮೈದುನ ನಡುವಿನ ಸೀಟಿನಿಂದ ಏಳುತ್ತಾನೆಂದುಕೊಂಡಿದ್ದಳು, ಅವನು ಏಳಲಿಲ್ಲ. ಅವನು ಬಿಟ್ಟ ಎಡಗಡೆಯ ಸೀಟಿನಲ್ಲಿ ಅವಳು ಕುಳಿತಳು. ಕೆಳಗೆ ಗಾಯಕ ಎಡಗಡೆಯ ಡೇರೆಗೂ ಗಿಟಾರಿನವನು ಬಲಗಡೆಯ ಡೇರೆಗೂ ಹೋಗಿಯಾಗಿತ್ತು. ಕೆಲಸದವರು ತಂತಿಗಳನ್ನು ಸುತ್ತತೊಡಗಿದ್ದರು. ಏನು ಮಾತಾಡಿದಿರಿ ಎಂದು ಅವಳು ಮೈದುನನನ್ನು ಕೇಳಿದಳು.

ಮೈದುನ ಗಂಭೀರವಾಗಿ ವರದಿ ಒಪ್ಪಿಸಿದ. ಅವಳು ಮಾತಾಡುವಂತಿಲ್ಲದ ದಿನಗಳಲ್ಲಿ ಅಂಗಡಿ ಗುಡಿಸಿ ಫ್ರೇಮು ಒರೆಸುವ ಹೆಂಗಸನ್ನು ಕಿಂಡಿಯ ಹತ್ತಿರ ನಿಲ್ಲಿಸುವುದೆಂದು ತೀರ್ಮಾನವಾಗಿದೆ. ಆ ಹೆಂಗಸಿನ ದನಿ ಗಟ್ಟಿಯಿದೆ, ನಂಬರು ಕೂಗಲು ಕಷ್ಟವಾಗಲಿಕ್ಕಿಲ್ಲ.

ಅತ್ತಿಗೆ ಅವನನ್ನೇ ನೋಡಿದಳು. "ಇದನ್ನ ನೀವಿಬ್ಬರೇ ಕೂತು ಮಾತಾಡ್ಕೊಂಡ್ರಾ?"

"ಮತ್ತಿನ್ನೇನು ಮಾಡೋದು, ನೀವು ಎದ್ದು ಹೋದ್ರಲ್ಲ," ಎಂದ ಅವನು, ತಪ್ಪು ಅವಳದೇ ಎಂಬಂತೆ. ಅವಳು ಹಣೆ ಚಚ್ಚಿಕೊಂಡಳು. ಇವರಿಬ್ಬರೂ ಮಾತು ಬಿಟ್ಟೇ ಇರುವುದು ಹೇಗೆ ಎಂಬುದನ್ನು ಇವರಿಬ್ಬರೇ ಇಷ್ಟು ಹೊತ್ತು ಮಾತಾಡಿ ಗೊತ್ತುಮಾಡಿದ್ದರು. ನಗಬೇಕೋ ಅಳಬೇಕೋ ತಿಳಿಯದೆ ಕೈಚೀಲ ಕೊಡು, ಹೊರಡೋಣ ಎಂದಳು.

ಮೈದುನ ಕೈಚೀಲ ಕೊಡಲಿಲ್ಲ. ಅವನ ಪಕ್ಕದಲ್ಲಿ ಗಂಡ ಕಂಬಿ ಹಿಡಿದು, ತಂತಿ ಸುತ್ತುವವನನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ನೋಡುತ್ತಲೇ ಮೊಣಕೈಯಿಂದ ತಮ್ಮನನ್ನು ತಿವಿದ. ಮೈದುನ ಗಂಟಲು ಸರಿಮಾಡಿಕೊಂಡ.

"ಅತ್ತಿಗೆ," ಎಂದ. "ಅಣ್ಣ ನಿಮಗೊಂದು ಮಾತು ಹೇಳು ಅಂದ."

"ಯಾವ ಅಣ್ಣ?" ಎಂದು ಅವಳ ಬಾಯಿಂದ ತಾನಾಗಿ ಬಂತು. ಆ ಪದ ಅವನ ಬಾಯಲ್ಲಿ ಕೇಳಿ ಅಷ್ಟು ಕಾಲವಾಗಿತ್ತು.

"ಅವನಿಗೆ ಭಯ ಆಗ್ತಿದೆಯಂತೆ. ಆಸ್ಪತ್ರೆಯಿಂದ ಬಂದ ದಿನದಿಂದ ನಿದ್ದೆ ಬರ್ತಿಲ್ವಂತೆ. ಆ ಗಂಟು ಕೆಟ್ಟದ್ದಾಗಿದ್ರೆ ಏನು ಮಾಡೋದು, ಆಮೇಲೆ ನಿಮ್ಮ ದನಿ ಕೇಳದೇ ಇದ್ರೆ ಹೇಗೆ ಇರೋದು ಅಂತ. ನಿಮಗೆ ಹೇಳೋಕೆ ಬಾಯಿ ಬರ್ಲಿಲ್ವಂತೆ." ಮೈದುನನ ದನಿಯೂ ಅಲ್ಲಿ ಸ್ವಲ್ಪ ತಡವರಿಸಿತು. "ಅತ್ತುಬಿಟ್ಟ, ಅತ್ತಿಗೆ."

ಅತ್ತಿಗೆ ಬಗ್ಗಿ ಮೈದುನನನ್ನು ದಾಟಿ ಗಂಡನ ಮುಖ ನೋಡಿದಳು. ಇದೆಲ್ಲ ಬೇರೆ ಯಾರದೋ ಮನೆಯ ಸುದ್ದಿ ಎಂಬಂತೆ ಅವನು ಕೆಳಗೆ ನೋಡುತ್ತಲೇ ಇದ್ದ, ಕಿವಿ ಮಾತ್ರ ಕೆಂಪಾಗಿತ್ತು. ಅವಳ ಬಾಯ ತುದಿಗೆ ಬೈಗುಳ ಸಾಲುಗಟ್ಟಿ ಬಂದವು. ಒಂದೇ ಹಾಸಿಗೆಯಲ್ಲಿ ಮಲಗುವವನು, ಒಂದು ಕೈ ಚಾಚಿದರೆ ತಾಗುವಷ್ಟು ಹತ್ತಿರ ಇರುವವನು, ಹೆಂಡತಿಗೆ ಭಯವಾಗುತ್ತಿದೆ ಎಂದು ಹೇಳಲು ಏಳು ವರ್ಷ ಮಾತು ಬಿಟ್ಟ ತಮ್ಮನನ್ನು ನಡುವೆ ಕೂರಿಸಿಕೊಳ್ಳಬೇಕೇ? ಇಂಥವನಿಗೆ ಏನು ಹೇಳುವುದು, ಯಾವ ಭಾಷೆಯಲ್ಲಿ ಹೇಳುವುದು? ಬೈಯಲೆಂದು ಬಾಯಿ ತೆರೆದಳು. ಆದರೆ ಅವಳಲ್ಲಿ ಉಳಿದಿದ್ದ ದನಿ ಸ್ವಲ್ಪವೇ, ಬೈಗುಳಕ್ಕೆ ಅದನ್ನು ಖರ್ಚು ಮಾಡಲು ಮನಸ್ಸಾಗಲಿಲ್ಲ.

"ನಿಮ್ಮಣ್ಣನಿಗೆ ಹೇಳು," ಎಂದಳು ಮೈದುನನಿಗೆ, "ನಂಗೂ ಭಯ ಆಗ್ತಿದೆ ಅಂತ."

ಮೈದುನ ಅಣ್ಣನ ಕಡೆ ತಿರುಗಿ ಅದನ್ನು ಹೇಳಿದ.